ಜಾಗ ಇಲ್ಲ

ಬೆಳಿಗ್ಗೆ ಹತ್ತು ಗಂಟೆ ಹತ್ತು ನಿಮಿಷಕ್ಕೆ ಹುಲಿಗೆಮ್ಮನ ಎಡಗೈ ಮಾತಾಡಿತು.

"ನಿಮ್ಮ ದೇಹದಲ್ಲಿ ನೀರು ಕಡಿಮೆಯಾಗಿದೆ. ದಯವಿಟ್ಟು ಇನ್ನೂರೈವತ್ತು ಮಿಲಿಲೀಟರ್ ಕುಡಿಯಿರಿ."

ಮಾತಾಡಿದ್ದು ಮುಂಗೈಗೆ ಕಟ್ಟಿದ್ದ ಪಟ್ಟಿ. ಅದಕ್ಕೆ ಸುದ್ದಿ ಮುಟ್ಟಿಸಿದ್ದು ಚರ್ಮದ ಕೆಳಗೆ ಕೂತಿದ್ದ, ಜೋಳದ ಕಾಳಿಗಿಂತ ಚಿಕ್ಕದಾದ ಒಂದು ಮಣಿ. ಅದರ ಸರ್ಕಾರಿ ಹೆಸರು ತೇವಮಣಿ. ಜನ ಬರೀ ಮಣಿ ಎನ್ನುತ್ತಿದ್ದರು. ರಕ್ತದಲ್ಲಿ ನೀರೆಷ್ಟು, ಸೋಡಿಯಂ ಎಷ್ಟು, ಪೊಟ್ಯಾಸಿಯಂ ಎಷ್ಟು, ಮೆಗ್ನೀಸಿಯಂ ಎಷ್ಟು ಎಂದು ಅದು ನಿಮಿಷಕ್ಕೊಮ್ಮೆ ಅಳೆಯುತ್ತಿತ್ತು. ನೀರಿನ ಬಾಟಲಿಯ ಮುಚ್ಚಳಕ್ಕೂ ಅದು ಸಂದೇಶ ಕಳಿಸುತ್ತಿತ್ತು. ಮುಚ್ಚಳದೊಳಗಿನ ಪುಟ್ಟ ಗೂಡುಗಳಿಂದ ಆ ಕ್ಷಣಕ್ಕೆ ಆ ದೇಹಕ್ಕೆ ಬೇಕಾದ ಲವಣ ಬೇಕಾದಷ್ಟೇ ನೀರಿಗೆ ಉದುರುತ್ತಿತ್ತು. ಹೀಗಾಗಿ ಒಂದೇ ಕೊಳಾಯಿಯಿಂದ ತುಂಬಿಸಿದ ನೀರು ಹತ್ತು ಜನರ ಬಾಯಲ್ಲಿ ಹತ್ತು ರುಚಿಯಾಗಿರುತ್ತಿತ್ತು.

ಹುಲಿಗೆಮ್ಮ ಬಾಟಲಿಯ ಕಡೆ ನೋಡಲಿಲ್ಲ. ಸೌರಫಲಕದ ಕೆಳ ಅಂಚಿನಲ್ಲಿ ಹೆಪ್ಪುಗಟ್ಟಿದ್ದ ಧೂಳನ್ನು ಕೆರೆಯುತ್ತಲೇ ಇದ್ದಳು. ಫಲಕಗಳನ್ನು ತೊಳೆಯಲು ಯಂತ್ರಗಳಿದ್ದವು. ಆದರೆ ಅಂಚಿನ ಧೂಳು, ಹಕ್ಕಿಯ ಹಿಕ್ಕೆ ಇವು ಯಾವ ಯಂತ್ರದ ಮಾತನ್ನೂ ಕೇಳುವ ಜಾತಿಯವಲ್ಲ. ಅದಕ್ಕಾಗಿ ರಾಯಚೂರು ಸೀಮೆಯ ಆ ಹದಿನಾಲ್ಕು ಸಾವಿರ ಎಕರೆಯ ಸೌರಬಯಲಿನಲ್ಲಿ ನಾನೂರ ಹನ್ನೆರಡು ಹೆಂಗಸರು ಕೆಲಸಕ್ಕಿದ್ದರು. 2056ರ ಮೇ ತಿಂಗಳು. ನೆರಳಿನಲ್ಲಿ ನಲವತ್ತಾರು ಡಿಗ್ರಿ ಎಂದು ಹವಾಮಾನದವರು ಹೇಳುತ್ತಿದ್ದರು. ನೆರಳು ಎಲ್ಲಿದೆ ಎಂದು ಅವರು ಹೇಳುತ್ತಿರಲಿಲ್ಲ.

"ನೀವು ನೀರು ಕುಡಿದಿಲ್ಲ. ಕಾರಣ ತಿಳಿಸಿ," ಎಂದಿತು ಕೈಪಟ್ಟಿ.

"ಜಾಗ ಇಲ್ಲವಾ ನಮ್ಮವ್ವಾ," ಎಂದಳು ಹುಲಿಗೆಮ್ಮ. ಪಕ್ಕದ ಸಾಲಿನಲ್ಲಿದ್ದ ನರಸಮ್ಮ ನಕ್ಕಳು. ನರಸಮ್ಮನಿಗೆ ಐವತ್ತೈದಾಗಿತ್ತು, ಆ ಬಯಲಿನಲ್ಲಿ ಅವಳೇ ಎಲ್ಲರಿಗಿಂತ ಹಳಬಳು.

"ದಾಖಲಿಸಲಾಗಿದೆ. ಧನ್ಯವಾದ," ಎಂದು ಕೈಪಟ್ಟಿ ಸುಮ್ಮನಾಯಿತು.

ದಾಖಲೆ ಹೋಗಿ ಸೇರುತ್ತಿದ್ದದ್ದು ಮೈಸೂರಿನ ಒಂದು ಪ್ರಯೋಗಾಲಯಕ್ಕೆ. ಅಲ್ಲಿ ಮಣಿಯನ್ನು ಕಂಡುಹಿಡಿದ ಡಾಕ್ಟರ್ ಸಿಂಚನಾ ಇದ್ದಳು. ನೀರು ಚಿಮುಕಿಸುವುದು ಎಂಬ ಅರ್ಥದ ಹೆಸರಿಟ್ಟುಕೊಂಡು ನೀರಿನ ವಿಜ್ಞಾನಿಯಾದದ್ದಕ್ಕೆ ಗೆಳೆಯರು ಅವಳನ್ನು ಇಪ್ಪತ್ತು ವರ್ಷಗಳಿಂದ ಗೇಲಿ ಮಾಡುತ್ತಿದ್ದರು, ಅವಳೂ ಇಪ್ಪತ್ತು ವರ್ಷಗಳಿಂದ ಅದಕ್ಕೆ ನಗುತ್ತಿದ್ದಳು. ಮಣಿ ಅವಳಿಗೆ ಹೆಸರು ತಂದಿತ್ತು. ಮುದುಕರಲ್ಲಿ ಬಾಯಾರಿಕೆಯ ಅರಿವೇ ಮಂದವಾಗುತ್ತದೆ; ಮಿದುಳು ನೀರು ಕೇಳುವುದನ್ನು ಮರೆಯುತ್ತದೆ. ಅಂಥವರ ಪರವಾಗಿ ಮಣಿ ಕೇಳುತ್ತಿತ್ತು. ವಾಂತಿ ಭೇದಿಯಾದ ಕೂಸಿಗೆ ಎಷ್ಟು ಉಪ್ಪು, ಎಷ್ಟು ಸಕ್ಕರೆ ಎಂದು ತಾಯಿಗೆ ಮಣಿ ಹೇಳುತ್ತಿತ್ತು. ಬೇಸಿಗೆಯಲ್ಲಿ ಬಿಸಿಲು ಬಡಿದು ಸಾಯುವವರ ಸಂಖ್ಯೆ ಆರು ವರ್ಷಗಳಲ್ಲಿ ಕಾಲುಭಾಗಕ್ಕೆ ಇಳಿದಿತ್ತು. ಬಯಲಲ್ಲಿ ದುಡಿಸುವವರು ಕೆಲಸಗಾರರಿಗೆಲ್ಲ ಮಣಿ ಹಾಕಿಸಲೇಬೇಕೆಂದು ಕಾನೂನೂ ಬಂತು.

ಅವಳನ್ನು ಕಾಡುತ್ತಿದ್ದದ್ದು ಆ ನಾನೂರ ಹನ್ನೆರಡು ಹೆಂಗಸರು. ರಕ್ತದಲ್ಲಿ ಸೋಡಿಯಂ ಇರಬೇಕಾದ್ದು ನೂರ ಮೂವತ್ತೈದರಿಂದ ನೂರ ನಲವತ್ತೈದರ ನಡುವೆ. ನೀರು ಕಡಿಮೆಯಾದರೆ, ಒಲೆಯ ಮೇಲೆ ಬತ್ತಿದ ಸಾರಿನ ಹಾಗೆ, ಉಪ್ಪು ಏರುತ್ತದೆ. ಈ ಹೆಂಗಸರದು ದಿನಾ ಮಧ್ಯಾಹ್ನ ನೂರೈವತ್ತರ ಹತ್ತಿರ ಹೋಗುತ್ತಿತ್ತು. ಅದೇ ಬಯಲಿನಲ್ಲಿ ಅದೇ ಬಿಸಿಲಿನಲ್ಲಿ ಓಡಾಡುವ ಅರುವತ್ತು ಜನ ಗಂಡಸರದು ನೂರ ನಲವತ್ತು ದಾಟುತ್ತಿರಲಿಲ್ಲ. ನೀರಿಗೇನೂ ಕೊರತೆಯಿರಲಿಲ್ಲ. ಎರಡು ನೂರು ಹೆಜ್ಜೆಗೊಂದರಂತೆ ತಣ್ಣೀರಿನ ಕೊಳಾಯಿ ಇತ್ತು. ಹೆಂಗಸರು ಕುಡಿಯುತ್ತಿರಲಿಲ್ಲ, ಅಷ್ಟೆ.

ಕಾರಣಗಳನ್ನು ಕೇಳಿಸಿಕೊಂಡು ವಿಂಗಡಿಸುವ ಕೆಲಸ ಒಂದು ಗಣಕವ್ಯವಸ್ಥೆಯದು. ಮರೆತೆ ಎಂದರೆ ಸಂಕೇತ ಒಂದು, ಪುರುಸೊತ್ತಿಲ್ಲ ಎಂದರೆ ಸಂಕೇತ ಎರಡು, ಹೀಗೆ ಒಂಬತ್ತು ಇದ್ದವು. ಅದಕ್ಕೆ ಕನ್ನಡ ಕಲಿಸುವಾಗ ಊಟ, ತಿಂಡಿ, ಪಾನೀಯಕ್ಕೆ ಸಂಬಂಧಿಸಿದ ಲಕ್ಷಾಂತರ ಮಾತುಗಳನ್ನು ಕೇಳಿಸಿದ್ದರು. ಮದುವೆಮನೆಗಳ ಪಂಕ್ತಿಯಲ್ಲಿ ಧ್ವನಿಮುದ್ರಿಸಿದ ಮಾತುಗಳೇ ಅವುಗಳಲ್ಲಿ ಹೆಚ್ಚು. ಇನ್ನೊಂದು ಹೋಳಿಗೆ ಎಂದು ಬಡಿಸುವವರು ಬಗ್ಗಿದಾಗ ಉಣ್ಣುವವರು ಎಲೆಗೆ ಎರಡೂ ಕೈ ಅಡ್ಡ ಹಿಡಿದು ಏನೆನ್ನುತ್ತಾರೆ? ಜಾಗ ಇಲ್ಲ ಎನ್ನುತ್ತಾರೆ. ಗಣಕ ಅದನ್ನು ಚೆನ್ನಾಗಿ ಕಲಿತುಕೊಂಡಿತ್ತು. ಜಾಗ ಇಲ್ಲ ಎಂದರೆ ಸಂಕೇತ ಏಳು: ಹೊಟ್ಟೆ ತುಂಬಿದೆ.

ಸಿಂಚನಾ ಎದುರಿಗೆ ಬರುತ್ತಿದ್ದದ್ದು ಸಂಕೇತಗಳು ಮಾತ್ರ. ಏಳು, ಏಳು, ಏಳು. ಎರಡು ವರ್ಷ ಏಳು. ಅವಳು ಧ್ವನಿಯನ್ನು ಒಂದು ದಿನವೂ ಕೇಳಲಿಲ್ಲ. ಅಂಕಿಗಳು ಅಷ್ಟು ಸ್ಪಷ್ಟವಾಗಿರುವಾಗ ಮಾತು ಯಾರಿಗೆ ಬೇಕು? ತೀವ್ರ ಬಿಸಿಲಿನಲ್ಲಿ ಹೆಂಗಸರ ಜಠರ ಸಂಕುಚಿತಗೊಂಡು, ಎರಡು ಗುಟುಕಿಗೇ ತುಂಬಿದ ಭಾವನೆ ಕೊಡುತ್ತದೆ ಎಂದು ಅವಳು ಊಹಿಸಿದಳು. ಆ ಊಹೆಯ ಮೇಲೆ ನಲವತ್ತು ಪುಟದ ಪ್ರಬಂಧ ಬಂತು. ಅದನ್ನು ಓದಲು ಅವಳನ್ನು ಮೂರು ದೇಶಗಳಿಗೆ ಕರೆದರು. ಬೇರೆ ಕಡೆಯ ಇಬ್ಬರು ವಿಜ್ಞಾನಿಗಳು ತಮ್ಮ ದತ್ತಾಂಶದಲ್ಲೂ ಹಾಗೇ ಇದೆ ಎಂದರು. ತಪ್ಪು ಒಂದು ಕಡೆ ಚೆನ್ನಾಗಿ ಕೂತರೆ ಅದಕ್ಕೆ ನೆಂಟರೂ ಬೇಗ ಸಿಗುತ್ತಾರೆ.

ಇತ್ತ ಸೌರಬಯಲಿನಲ್ಲಿ ಒಂದು ನಿಯಮ ಜಾರಿಯಲ್ಲಿತ್ತು. ಮಧ್ಯಾಹ್ನ ಎರಡು ಗಂಟೆಗೆ ಯಾರ ಮಣಿ ಕೆಂಪು ತೋರಿಸುತ್ತದೋ ಅವರನ್ನು ಮನೆಗೆ ಕಳಿಸಬೇಕು, ಹೆಸರಿನ ಮುಂದೆ ಒಂದು ಗೀಟು ಎಳೆಯಬೇಕು. ಮೂರು ಗೀಟಾದರೆ ಕೆಲಸ ಹೋಯಿತು. ಇದು ಕೆಲಸಗಾರರ ಆರೋಗ್ಯಕ್ಕಾಗಿ ಮಾಡಿದ ನಿಯಮ. ಆದ್ದರಿಂದ ಒಂದೂ ಮುಕ್ಕಾಲಿಗೆ ಹೆಂಗಸರು ಬಾಟಲಿ ಎತ್ತಿ ಲೆಕ್ಕ ಹಾಕಿ ಗುಟುಕರಿಸುತ್ತಿದ್ದರು. ಕೆಂಪು ಹೋಗಿ ಹಳದಿ ಬರಲು ನರಸಮ್ಮನಿಗೆ ನಾಲ್ಕು ಗುಟುಕು, ಹುಲಿಗೆಮ್ಮನಿಗೆ ಮೂರು. ಅದಕ್ಕಿಂತ ಒಂದು ಗುಟುಕೂ ಹೆಚ್ಚಿಲ್ಲ. ಈ ಲೆಕ್ಕ ಎರಡು ಸಲ ತಪ್ಪಿ ಹುಲಿಗೆಮ್ಮನ ಹೆಸರಿನ ಮುಂದೆ ಎರಡು ಗೀಟು ಬಿದ್ದಿದ್ದವು. ಇನ್ನೊಂದು ಬಿದ್ದರೆ ಎಂಟು ವರ್ಷದ ಕೆಲಸ ಮುಗಿಯುತ್ತಿತ್ತು. ಗಂಡನಿಲ್ಲದ ಮನೆ, ಅವಳ ಕೆಲಸದಿಂದಲೇ ನಡೆಯುತ್ತಿತ್ತು. ಸೊಂಟದ ಎಡಭಾಗದಲ್ಲಿ ಆಗಾಗ ಚಳುಕು ಬರುತ್ತಿತ್ತು. ಅದನ್ನು ಅವಳು ಯಾರಿಗೂ ಹೇಳಿರಲಿಲ್ಲ.

ಜೂನ್ ಮೊದಲ ವಾರ ಸಿಂಚನಾ ಪರಿಹಾರದೊಂದಿಗೆ ಅಲ್ಲಿಗೆ ಬಂದಳು. ಪರಿಹಾರವೆಂದರೆ ಒಂದು ಬಿಳಿ ಗುಳಿಗೆ. ನಮ್ಮ ಮಿದುಳಿನ ಬುಡದಲ್ಲಿ ವ್ಯಾಸೊಪ್ರೆಸಿನ್ ಎಂಬ ರಸ ತಯಾರಾಗುತ್ತದೆ. ದೇಹ ಒಣಗಿದಾಗ ಅದು ಮೂತ್ರಪಿಂಡಕ್ಕೆ ಹೋಗಿ, ನೀರನ್ನು ಹೊರಗೆ ಬಿಡಬೇಡ, ಒಳಗೇ ಇಟ್ಟುಕೋ ಎಂದು ಹೇಳುತ್ತದೆ. ಗುಳಿಗೆ ಆ ರಸದ ಹಾಗೆಯೇ, ಅದಕ್ಕಿಂತ ಜೋರಾಗಿ, ಎಂಟು ಗಂಟೆ ಕೆಲಸ ಮಾಡುತ್ತಿತ್ತು. ಹೊಟ್ಟೆ ಹಿಡಿಸುವಷ್ಟು ಸ್ವಲ್ಪವೇ ಕುಡಿದರೂ ಅದೆಲ್ಲ ದೇಹದಲ್ಲೇ ಉಳಿಯುತ್ತದೆ ಎಂಬುದು ಅವಳ ಉಪಾಯ. ಹಾಗೆ ಉಳಿದ ನೀರು ಹೆಚ್ಚಾಗಿ ರಕ್ತ ತೆಳುವಾದರೂ ಅಪಾಯವೇ. ಆದರೆ ಆ ಹಂತ ಬರುವ ಮೊದಲೇ ಮಣಿ ಕುಡಿಯಬೇಡಿ ಎನ್ನುತ್ತದೆ. ಮಣಿ ಇರುವಾಗ ಭಯವಿಲ್ಲ ಎಂದು ಅವಳು ಅನುಮತಿಪತ್ರದಲ್ಲಿ ಬರೆದಿದ್ದಳು.

ಮೇಲ್ವಿಚಾರಕ ಮೌನೇಶ ತನ್ನ ತಂಪು ಕೋಣೆಯ ಮುಂದೆ ಪೆಂಡಾಲು ಹಾಕಿಸಿ ಹೆಂಗಸರನ್ನು ಸಾಲಾಗಿ ಕೂರಿಸಿದ್ದ. ತಾನೂ ಪಕ್ಕದಲ್ಲೇ ನಿಂತ.

"ಬಿಸಿಲಲ್ಲಿ ನಿಮಗೆ ಹೊಟ್ಟೆ ಭಾರ ಅನ್ಸುತ್ತಾ? ನೀರು ಕುಡಿಯೋಕೆ ಆಗಲ್ವಾ?" ಎಂದು ಸಿಂಚನಾ ಕೇಳಿದಳು.

ಹೆಂಗಸರು ಮೌನೇಶನ ಕಡೆ ನೋಡಿದರು. ಆಮೇಲೆ ನೆಲ ನೋಡಿದರು. "ಹೌದ್ರಿ," ಎಂದಿತು ಯಾವುದೋ ಧ್ವನಿ. "ಭಾರ ಆಕ್ಕೈತ್ರಿ," ಎಂದಿತು ಇನ್ನೊಂದು. ಸಿಂಚನಾ ಸಮಾಧಾನದಿಂದ ತಲೆಯಾಡಿಸಿದಳು. ಸಿದ್ಧಾಂತ ನಿಜವಾಗುವುದನ್ನು ಕಣ್ಣಾರೆ ಕಾಣುವುದು ವಿಜ್ಞಾನಿಗೆ ಬಹಳ ಸುಖದ ಸಂಗತಿ.

"ಈ ಗುಳಿಗೆಯಿಂದ ಒಂದು ಪರಿಣಾಮ ಆಗುತ್ತೆ, ಹೆದರ್ಕೋಬೇಡಿ. ಎಂಟು ಗಂಟೆ ಹೊತ್ತು ಮೂತ್ರ ಬರೋದು ತುಂಬಾ ಕಮ್ಮಿಯಾಗುತ್ತೆ."

ಪೆಂಡಾಲಿನಲ್ಲಿ ಒಂದು ಸಣ್ಣ ಗದ್ದಲ ಎದ್ದಿತು. ಹಿಂದಿನ ಸಾಲಿನವರು ಮುಂದಿನವರನ್ನು ಏನೆಂದರು ಎಂದು ಕೇಳಿದರು. ನರಸಮ್ಮ ಸೆರಗು ಬಾಯಿಗೆ ಅಡ್ಡ ಹಿಡಿದು, "ಖರೇನ್ರಿ? ಒಟ್ಟ ಬರಂಗಿಲ್ಲಾ?" ಎಂದಳು.

"ಖಂಡಿತ ತೊಂದರೆ ಇಲ್ಲ. ಸಂಜೆ ಹೊತ್ತಿಗೆ ಎಲ್ಲ ಸರಿಹೋಗುತ್ತೆ," ಎಂದು ಸಿಂಚನಾ ಧೈರ್ಯ ಹೇಳಿದಳು.

ಅರ್ಧ ಗಂಟೆಯಲ್ಲಿ ಗುಳಿಗೆಯ ಪೆಟ್ಟಿಗೆಗಳೆಲ್ಲ ಖಾಲಿಯಾದವು. ಔಷಧವೆಂದರೆ ಹಿಂಜರಿಯುವ ಜನ ಹೀಗೆ ಮುಗಿಬಿದ್ದದ್ದನ್ನು ಅವಳು ತನ್ನ ಟಿಪ್ಪಣಿಯಲ್ಲಿ ವಿಶೇಷವಾಗಿ ಗುರುತು ಹಾಕಿಕೊಂಡಳು.

ಒಂದೇ ವಾರದಲ್ಲಿ ಮೈಸೂರಿನ ಪರದೆಯ ಮೇಲೆ ನಾನೂರ ಹನ್ನೆರಡು ಗೆರೆಗಳು ಕೆಂಪಿನಿಂದ ಇಳಿದು ಹಸಿರಿಗೆ ಬಂದವು. ಸಂಕೇತ ಏಳು ಪೂರ್ತಿ ನಿಂತುಹೋಯಿತು. ಪ್ರಯೋಗಾಲಯದಲ್ಲಿ ಮೈಸೂರುಪಾಕು ಹಂಚಿದರು.

ಹತ್ತನೆಯ ದಿನ ಹುಲಿಗೆಮ್ಮ ಬಿದ್ದಳು.

ಅಂದು ಅವಳು ಬೆಳಿಗ್ಗೆ ಗುಳಿಗೆ ತೆಗೆದುಕೊಂಡಿದ್ದಳು. ಎಂಟು ಗಂಟೆ ನಿಶ್ಚಿಂತೆ. ಮಳೆ ಕೈಕೊಟ್ಟ ಜೂನ್, ಮೇ ತಿಂಗಳಿಗಿಂತ ಕೆಟ್ಟ ಧಗೆ. ಒಂದು ಬಾಟಲಿ ಕುಡಿದಳು, ತಣ್ಣಗೆ ಎದೆಯೊಳಗೆ ಇಳಿಯಿತು. ಇನ್ನೊಂದು ತುಂಬಿಸಿದಳು. ಎಷ್ಟು ಬೇಕಾದರೂ ಕುಡಿಯಬಹುದು ಎಂಬುದೇ ಅವಳಿಗೆ ಹೊಸ ಸಂಗತಿ. ಹನ್ನೊಂದು ಗಂಟೆಗೆ ಮೂರು ಲೀಟರು ಮುಗಿದಿತ್ತು, ಒಂದು ಗಂಟೆಗೆ ಐದು. ಒಳಗೆ ಹೋದ ನೀರಿಗೆ ಹೊರಬರುವ ದಾರಿಯಿರಲಿಲ್ಲ. ಮುಚ್ಚಳದ ಗೂಡಿನಲ್ಲಿದ್ದ ಲವಣ ಎರಡನೆಯ ಬಾಟಲಿಗೇ ಮುಗಿದಿತ್ತು. ರಕ್ತದಲ್ಲಿದ್ದ ಉಪ್ಪು ತೆಳುವಾಗುತ್ತ ಹೋಯಿತು. ಕೈಪಟ್ಟಿ ಕುಡಿಯಬೇಡಿ, ಕುಡಿಯಬೇಡಿ ಎಂದು ಒಂದೂವರೆ ಗಂಟೆ ಕೂಗಿತು. ಕುಡಿಯಿರಿ ಕುಡಿಯಿರಿ ಎಂದು ಅದು ಎರಡು ವರ್ಷ ಪ್ರಾಣ ತಿಂದಿದ್ದರಿಂದ ಹೆಂಗಸರೆಲ್ಲ ಅದರ ಬಾಯಿಗೆ ಅರಿವೆ ಸುತ್ತುವ ಅಭ್ಯಾಸ ಮಾಡಿಕೊಂಡಿದ್ದರು. ಬಟ್ಟೆಯ ಮೂರು ಸುತ್ತಿನೊಳಗಿಂದ ಬಂದ ಗುಜುಗುಜು ಮಾತು ಹುಲಿಗೆಮ್ಮನಿಗೆ ಹಳೆಯ ರಗಳೆಯ ಹಾಗೆಯೇ ಕೇಳಿಸಿತು. ತಲೆ ನೋಯುತ್ತಿದೆ ಎಂದಳು. ನರಸಮ್ಮನನ್ನು ನೋಡಿ ಯಾರು ನೀನು ಎಂದಳು. ಆಮೇಲೆ ಕೈಕಾಲು ಸೆಟೆದು ಫಲಕದ ಕೆಳಗೆ ಉರುಳಿದಳು.

ಆಸ್ಪತ್ರೆಯಲ್ಲಿ ಅವಳ ಸೋಡಿಯಂ ನೂರ ಹದಿಮೂರಿತ್ತು. ಚಿಕಿತ್ಸೆ ಮಾಡಿದವಳು ಡಾಕ್ಟರ್ ಫೌಜಿಯಾ, ಮೂತ್ರಪಿಂಡದ ತಜ್ಞೆ. ಗಟ್ಟಿ ಉಪ್ಪುನೀರನ್ನು ಹನಿಹನಿಯಾಗಿ ನರಕ್ಕೆ ಬಿಟ್ಟಳು. ಈ ಕೆಲಸದಲ್ಲಿ ಅವಸರ ಮಾಡುವ ಹಾಗಿಲ್ಲ. ದಿನಕ್ಕೆ ಎಂಟು ಅಂಕಿಗಿಂತ ಹೆಚ್ಚು ಏರಿಸಿದರೆ ಮಿದುಳಿನ ನರಗಳ ಹೊದಿಕೆಯೇ ಕಳಚಿಹೋಗುತ್ತದೆ. ಸಿಂಚನಾ ಮೈಸೂರಿನಿಂದ ಕಾರಿನಲ್ಲಿ ಒಂದೇ ಸಮನೆ ಬಂದಳು. ಮೂರು ದಿನ ಅಂಕಿ ಏರುವುದನ್ನು ನೋಡುತ್ತ ಹಾಸಿಗೆಯ ಪಕ್ಕದಲ್ಲೇ ಕುಳಿತಳು. ಈಕೆ ಸತ್ತರೆ ತಾನೇ ಕೊಂದ ಹಾಗೆ ಎಂದು ಅವಳಿಗೆ ಗೊತ್ತಿತ್ತು, ಭಯವೂ ಆಗಿತ್ತು.

ನಾಲ್ಕನೆಯ ದಿನ ಹುಲಿಗೆಮ್ಮ ಎದ್ದು ಕೂತು ಗಂಜಿ ಕುಡಿದಳು.

"ಅಷ್ಟೊಂದು ನೀರು ಯಾಕೆ ಕುಡಿದ್ರಿ?" ಎಂದಳು ಸಿಂಚನಾ.

"ನೀರಡಿಕಿ ಆಗಿತ್ರಿ."

"ಆದರೆ ನಿಮಗೆ ಎರಡೇ ಗುಟುಕಿಗೆ ಹೊಟ್ಟೆ ತುಂಬ್ತಿತ್ತಲ್ಲ? ದಿನಾ ಅದನ್ನೇ ಹೇಳ್ತಿದ್ರಿ."

"ನಾನ? ನಾ ಯಾವಾಗ ಹಂಗಂದೇನ್ರಿ?"

ಸಿಂಚನಾ ತನ್ನ ಕೈಗಣಕವನ್ನು ತೆರೆದು, ಸಂಕೇತ ಏಳರ ಹಿಂದಿರುವ ಮೂಲ ಮಾತನ್ನು ಮೊದಲ ಸಲ ತೆಗೆದಳು. "ಇಲ್ಲಿದೆ ನೋಡಿ. ಜಾಗ ಇಲ್ಲ ಅಂದಿದೀರಿ. ಹೊಟ್ಟೇಲಿ ಜಾಗ ಇಲ್ಲ ಅಂತ ತಾನೇ?"

ಹಾಸಿಗೆಯ ಕಾಲ ಬಳಿ ನಿಂತು ಬರೆಯುತ್ತಿದ್ದ ಫೌಜಿಯಾ ಬರೆಯುವುದನ್ನು ನಿಲ್ಲಿಸಿದಳು. ಹುಲಿಗೆಮ್ಮ ಬಾಗಿಲ ಕಡೆ ನೋಡಿ, ಗಂಡಸರು ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡಳು.

"ಹೊಟ್ಟ್ಯಾಗ ಜಾಗ ಯಾಕಿಲ್ರಿ, ಬೇಕಾದಷ್ಟೈತಿ. ಕುಡದ ಮ್ಯಾಲೆ ಹೋಗಾಕ ಜಾಗ ಬೇಕಲ್ರಿ? ಅಷ್ಟು ಎಕರೇದಾಗ ಒಂದು ಗಿಡ ಉಳಿಸ್ಯಾರೇನು ಮರೆ ಮಾಡಾಕ? ನಾಕೂ ಕಡೆ ಕ್ಯಾಮರಾ, ಮ್ಯಾಲ ಹಾರಾಡೂವು ಬ್ಯಾರೆ. ಗಂಡಸರು ಹೆಂಗರ ಕಂಬದ ಹಿಂದ ನಿಂತು ಬರ್ತಾರ. ನಾವು ಎಲ್ಲಿ ಕುಂದರಬೇಕು? ಮೇಸ್ತ್ರಿ ಖೋಲಿ ಸಂಡಾಸಕ್ಕ ಕೀಲಿ ಇರತೈತಿ. ಮುಂಜಾನೆ ಆರಕ್ಕ ಬಂದ್ರ ಸಂಜೀಕ ನಾಕಕ್ಕ ಬಸ್ಸು. ಅದಕ್ಕ ಜಾಗ ಇಲ್ಲ ಅಂದೆ. ನಿಮ್ಮ ಮಣಿ ತಿಳಕೋತೈತಿ ಅಂದಕೊಂಡಿದ್ದೆವ್ರಿ."

ಸಿಂಚನಾಗೆ ನಾಚಿಕೆಯಾಯಿತು. ನಲವತ್ತು ಪುಟದ ಪ್ರಬಂಧ ತಪ್ಪಾಗಿದ್ದಕ್ಕಿಂತ ಹೆಚ್ಚಿನ ನಾಚಿಕೆ ಬೇರೊಂದಿತ್ತು. ಮೈಸೂರಿನಿಂದ ಹೊರಟ ದಿನ ಅವಳ ಕೈಯಲ್ಲಿದ್ದ ಮಣಿಯೂ ನಾಲ್ಕು ಸಲ ನೀರು ಕೇಳಿತ್ತು. ನಾಲ್ಕು ಸಲವೂ ಅವಳು ಆಮೇಲೆ ಎಂಬ ಗುಂಡಿ ಒತ್ತಿದ್ದಳು. ದೂರದ ದಾರಿ, ನಡುವೆ ಎಲ್ಲಿ ಇಳಿಯುವುದು ಎಂದು. ಕಾಲೇಜಿನ ದಿನಗಳ ಬಸ್ಸಿನಿಂದ ಹಿಡಿದು ಇಂದಿನವರೆಗೆ ಪ್ರಯಾಣವೆಂದರೆ ಅವಳೂ ನೀರು ಬಿಡುತ್ತಿದ್ದಳು. ಯೋಚಿಸಿ ಬಿಡುತ್ತಿರಲಿಲ್ಲ, ಚಪ್ಪಲಿ ಮೆಟ್ಟಿಕೊಳ್ಳುವಷ್ಟು ಸಹಜವಾಗಿ ಬಿಡುತ್ತಿದ್ದಳು. ಗೊತ್ತಿದ್ದದ್ದೇ ಗೊತ್ತಾಗದೆ ಹೋಯಿತಲ್ಲ ಎಂದು ಅವಳು ಫೌಜಿಯಾಗೆ ಹೇಳಿದಳು.

"ನನಗೂ ಹೊಳೀಲಿಲ್ಲರಿ," ಎಂದಳು ಫೌಜಿಯಾ. "ಈ ವಾರ್ಡಿನಾಗ ಇರೋ ಹೆಂಗಸರಿಗೆ ದಿನಾ ಬೈತೀನಿ, ನೀರು ಯಾಕ ಕುಡಿಯಂಗಿಲ್ಲ ಅಂತ. ಯಾಕ ಅಂತ ಬೈಯೂದಷ್ಟ, ಕೇಳಿಲ್ಲ."

ಆ ಸಂಜೆ ಸಿಂಚನಾ ಧ್ವನಿಗಳನ್ನು ಕೇಳಿದಳು. ಸೌರಬಯಲಿನಿಂದ ಬಂದ ಜಾಗ ಇಲ್ಲಗಳು ಒಟ್ಟು ಎರಡು ಲಕ್ಷಕ್ಕೂ ಮಿಕ್ಕಿದ್ದವು. ಕೆಲವರು ಬೇಸರದಿಂದ ಹೇಳಿದ್ದರು, ಕೆಲವರು ರೇಗಿ ಹೇಳಿದ್ದರು. ಒಬ್ಬಳು ಹಾಡಿನ ಧಾಟಿಯಲ್ಲಿ ಹೇಳಿದ್ದಳು. ನರಸಮ್ಮ ಮಾತ್ರ ಪ್ರತಿ ಸಲ ಮುಂದೊಂದು ಮಾತು ಸೇರಿಸುತ್ತಿದ್ದಳು: "ಜಾಗ ಇಲ್ಲ, ನೀನರ ನಿಮ್ಮ ಸಾಹೇಬರಿಗೆ ಹೇಳವಾ." ಎರಡು ವರ್ಷ ಅವಳು ಹೀಗೆ ಮಣಿಯ ಮೂಲಕ ಅರ್ಜಿ ಹಾಕುತ್ತಲೇ ಇದ್ದಳು.

ಗುಳಿಗೆಯನ್ನು ಹಿಂತೆಗೆದುಕೊಳ್ಳಲು ಸಿಂಚನಾ ಮರುದಿನ ಸೌರಬಯಲಿಗೆ ಹೋದಳು. ಈ ಸಲ ಮೌನೇಶನನ್ನು ದೂರ ಕಳಿಸಿ ಹೆಂಗಸರ ಜೊತೆ ನೆಲದ ಮೇಲೆ ಕೂತಳು. ಗುಳಿಗೆ ಅಪಾಯ, ಹುಲಿಗೆಮ್ಮ ಸಾಯಬೇಕಿತ್ತು, ಉಳಿದದ್ದು ಹೆಚ್ಚು ಎಂದು ಬಿಡಿಸಿ ಹೇಳಿದಳು. ಹೆಂಗಸರು ಕೇಳಿಸಿಕೊಂಡರು. ಯಾರೂ ಗುಳಿಗೆ ವಾಪಸು ಕೊಡಲಿಲ್ಲ.

"ಗುಳಿಗಿ ತಗೊಂಡು ಹೊಂಟ್ರಿ, ಜಾಗ ಕೊಟ್ಟು ಹೊಂಟ್ರೇನು?" ಎಂದಳು ನರಸಮ್ಮ. "ಹದಿನೈದು ದಿವಸ ನಾವೂ ಮನಿಷಾರಂಗ ನೀರು ಕುಡದೀವಿ. ಅದನ್ನೂ ಕಸಗೊಂತೀರಿ. ಕೊಡಂಗಿಲ್ಲ ಹೋಗ್ರಿ."

ಸೌರಬಯಲಿನ ಆಡಳಿತದವರಿಗೂ ಗುಳಿಗೆ ಬಹಳ ಹಿಡಿಸಿತ್ತು; ಪ್ರಮಾಣ ಕೊಂಚ ತಗ್ಗಿಸಿ ಮುಂದುವರಿಸಿ ಎಂದು ಅವರು ಪತ್ರ ಬರೆದರು. ಸಿಂಚನಾ ಒಪ್ಪಲಿಲ್ಲ. ಬದಲಿಗೆ ತನ್ನದೇ ಪ್ರಯೋಗಾಲಯದ ತಾಂತ್ರಿಕ ಸಮಿತಿಗೆ ಹೊಸ ಪ್ರಸ್ತಾವ ಕಳಿಸಿದಳು. ನಾಲ್ಕು ಗೋಡೆ, ಒಂದು ಸೂರು, ಒಂದು ನಲ್ಲಿ, ಒಳಗಿನಿಂದ ಹಾಕಿಕೊಳ್ಳುವ ಚಿಲಕ, ಇನ್ನೂರು ಹೆಜ್ಜೆಗೊಂದು. ದೇಹದ ಲವಣ ಸಮತೋಲನಕ್ಕೆ ತನಗೆ ತಿಳಿದ ಅತ್ಯಂತ ಪರಿಣಾಮಕಾರಿ ಸಾಧನ ಇದು ಎಂದು ಬರೆದಳು. ಸಮಿತಿ ಹದಿನೈದು ದಿನ ಕೂತು ಪರಿಶೀಲಿಸಿತು. ಪ್ರಸ್ತಾವದಲ್ಲಿ ಹೊಸ ಆವಿಷ್ಕಾರವೇನೂ ಕಾಣದ ಕಾರಣ ತಿರಸ್ಕರಿಸಲಾಗಿದೆ ಎಂದು ಉತ್ತರ ಬಂತು. ಸಮಿತಿಯಲ್ಲಿದ್ದವರು ದಡ್ಡರಲ್ಲ, ಅವರು ಹೇಳಿದ್ದರಲ್ಲಿ ಸುಳ್ಳೂ ಇರಲಿಲ್ಲ.

ಕಡೆಗೆ ಅವಳು ಮಾಡಿದ್ದು ತನ್ನ ಗಣಕದಲ್ಲಿ ಒಂದೇ ಸಾಲಿನ ತಿದ್ದುಪಡಿ. ಕಾನೂನಿನ ಪ್ರಕಾರ, ಕೆಲಸದ ಸ್ಥಳದ ಕಾರಣದಿಂದ ನೂರರಲ್ಲಿ ಹತ್ತು ಮಂದಿ ಒಣಗಿದರೆ ಆ ದಿನ ಅಲ್ಲಿ ಕೆಲಸ ನಿಲ್ಲಬೇಕು. ಸಂಕೇತ ಏಳು ಈವರೆಗೆ ದೇಹದ ಕಾರಣಗಳ ಪಟ್ಟಿಯಲ್ಲಿತ್ತು. ಅದನ್ನು ಸಿಂಚನಾ ಸ್ಥಳದ ಕಾರಣಗಳ ಪಟ್ಟಿಗೆ ಸೇರಿಸಿದಳು. ಅಷ್ಟರಲ್ಲಿ ಗುಳಿಗೆಗಳು ಮುಗಿದಿದ್ದವು. ಮಾರನೆಯ ಬೆಳಿಗ್ಗೆ ಹತ್ತೂ ನಲವತ್ತಕ್ಕೆ ಸೌರಬಯಲಿನ ಯಂತ್ರಗಳೆಲ್ಲ ತಾವಾಗಿಯೇ ನಿಂತವು. ಅದರ ಮಾರನೆಯ ದಿನವೂ ನಿಂತವು. ಎಂಟು ವರ್ಷದಲ್ಲಿ ಜಾಗ ಸಿಗದ ಆ ಬಯಲಿನಲ್ಲಿ ಹನ್ನೊಂದು ದಿನದಲ್ಲಿ ಮೂವತ್ತು ಕೋಣೆಗಳು ಎದ್ದವು. ಹೆಸರುಗಳ ಮುಂದಿನ ಗೀಟುಗಳನ್ನು ಅಳಿಸಿದರು. ಹುಲಿಗೆಮ್ಮ ಕೆಲಸಕ್ಕೆ ಮರಳಿದಳು. ಮೊದಮೊದಲು ಹೆಂಗಸರು ಅಭ್ಯಾಸಬಲದಿಂದ ಗುಟುಕು ಎಣಿಸಿಯೇ ಕುಡಿದರು. ದೇಹಕ್ಕೆ ಬಾಯಾರಿಕೆಯನ್ನು ಮತ್ತೆ ಕಲಿಯಲು ಎರಡು ವಾರ ಬೇಕಾಯಿತು.

ಕತೆ ಇಲ್ಲಿಗೆ ಮುಗಿದಿದ್ದರೆ ಎಲ್ಲರೂ ನೆಮ್ಮದಿಯಿಂದಿರಬಹುದಿತ್ತು.

ಹುಲಿಗೆಮ್ಮ ಆಸ್ಪತ್ರೆಯಲ್ಲಿದ್ದಾಗ ತೆಗೆದ ಚಿತ್ರದಲ್ಲಿ ಅವಳ ಎಡ ಮೂತ್ರಪಿಂಡದೊಳಗೆ ಗಜ್ಜುಗದ ಗಾತ್ರದ ಕಲ್ಲೊಂದು ಕಂಡಿತ್ತು. ಮೂತ್ರ ಗಟ್ಟಿಯಾದಾಗ ಅದರಲ್ಲಿನ ಕ್ಯಾಲ್ಸಿಯಂ ಹರಳುಗಟ್ಟಿ ಪದರ ಪದರವಾಗಿ ಕೂಡುತ್ತದೆ. ಎರಡು ಮೂತ್ರಪಿಂಡಗಳೂ ಸೇರಿ ಅರ್ಧಕ್ಕಿಂತ ಕಡಿಮೆ ಕೆಲಸ ಮಾಡುತ್ತಿದ್ದವು. ಹೋದದ್ದು ಮರಳಿ ಬರುವುದಿಲ್ಲ, ಇದ್ದದ್ದನ್ನು ಕಾಪಾಡಿಕೊಳ್ಳಬೇಕು ಎಂದು ಫೌಜಿಯಾ ಹೇಳಿದಳು. ಕಲ್ಲನ್ನು ಒಡೆಯದೆ ಇಡಿಯಾಗಿ ತೆಗೆದು ಸಿಂಚನಾಗೆ ಕೊಟ್ಟಳು.

ಎಂಟು ವರ್ಷ ನೀರು ಕುಡಿಯಲು ಬಿಡದ ಸೌರಬಯಲೇ ಈ ಕಲ್ಲಿಗೆ ಕಾರಣ ಎಂದು ಸಾಬೀತುಮಾಡಿ ಹುಲಿಗೆಮ್ಮನ ಚಿಕಿತ್ಸೆಯ ಹೊಣೆಯನ್ನು ಆಡಳಿತದ ತಲೆಗೆ ಕಟ್ಟಬೇಕೆಂದು ಸಿಂಚನಾ ನಿಶ್ಚಯಿಸಿದಳು. ಕಲ್ಲನ್ನು ಭೂವಿಜ್ಞಾನಿಗಳ ಬಳಿ ಕೊಯ್ಯಿಸಿದಳು. ಹರಳಿನೊಳಗೆ ಸೆರೆಯಾದ ನೀರಿನ ಕಣಗಳಿಂದ ಪ್ರತಿ ಪದರ ಯಾವ ವರ್ಷದ್ದು, ಯಾವ ತಿಂಗಳದ್ದು ಎಂದು ಹೇಳುವ ವಿಧಾನ ಆ ಹೊತ್ತಿಗೆ ಬಂದಿತ್ತು. ವರದಿ ಬಂದಾಗ ಅವಳು ಎರಡು ಸಲ ಓದಿದಳು. ಹೊರಗಿನ ಎಂಟು ಪದರಗಳು ದಪ್ಪವಾಗಿದ್ದವು, ಅವು ಸೌರಬಯಲಿನವೇ. ಆದರೆ ವರ್ಷಕ್ಕೊಂದರಂತೆ ಒಟ್ಟು ಪದರಗಳು ಮೂವತ್ತಿದ್ದವು. ಒಳಗಿನ ಮೂರು ಪದರಗಳಲ್ಲಿ ಇನ್ನೊಂದು ವಿಚಿತ್ರವಿತ್ತು. ಜೂನ್‌ನಿಂದ ಮಾರ್ಚ್‌ವರೆಗೆ ಹರಳು ಕೂಡಿತ್ತು. ಏಪ್ರಿಲ್, ಮೇ ತಿಂಗಳುಗಳಲ್ಲಿ ಏನೂ ಕೂಡಿರಲಿಲ್ಲ. ಬಿಸಿಲು ಹೆಚ್ಚಾದಾಗ ದೇಹ ಒಣಗಬೇಕು, ಕಲ್ಲು ಬೆಳೆಯಬೇಕು. ಇಲ್ಲಿ ರಾಯಚೂರಿನ ಉರಿಬೇಸಿಗೆಯ ಎರಡು ತಿಂಗಳಲ್ಲೇ ಆ ದೇಹ ತೇವವಾಗಿತ್ತು.

ಈ ಸಲ ಅವಳು ಊಹೆ ಮಾಡಲಿಲ್ಲ. ಹುಲಿಗೆಮ್ಮನ ಮನೆಗೇ ಹೋದಳು. ಹುಲಿಗೆಮ್ಮ ಕಟ್ಟೆಯ ಮೇಲೆ ಕೂತು ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಿದ್ದಳು.

"ನಿಮಗೆ ಹದಿಮೂರು ವರ್ಷ ಆಗಿದ್ದಾಗ, ಆಮೇಲೆ ಮೂರು ವರ್ಷ, ಏನು ಮಾಡ್ತಿದ್ರಿ?" ಎಂದು ಸಿಂಚನಾ ಕೇಳಿದಳು. "ಬೇಸಿಗೇಲಿ ನೀರು ಕುಡೀತಿದ್ರಿ, ಉಳಿದ ತಿಂಗಳು ಕುಡೀತಿರಲಿಲ್ಲ. ಯಾಕೆ?"

ಹುಲಿಗೆಮ್ಮ ಬೆರಳು ಮಡಚಿ ವರ್ಷ ಎಣಿಸಿದಳು.

"ಬ್ಯಾಸಿಗ್ಯಾಗ ಸಾಲಿ ರಜಾ ಇರ್ತಿತ್ತಲ್ರಿ. ಮನ್ಯಾಗ ಇರ್ತಿದ್ದೆ," ಎಂದಳು. "ಎಂಟನೇ ಕ್ಲಾಸಿಗೆ ದೊಡ್ಡ ಸಾಲಿಗೆ ಹಾಕಿದ್ರು. ಹುಡುಗೀರ ಸಂಡಾಸಿತ್ತು, ಅದಕ್ಕ ಬಾಗಲಾ ಇದ್ದಿದ್ದಿಲ್ಲ. ನಾವು ಮೂವತ್ತು ಹುಡುಗೀರು ಮುಂಜಾನಿ ಬಾಟ್ಲಿ ತುಂಬಿಸಿಕೊಂಡು ಹೋಗ್ತಿದ್ವಿ, ಸಂಜೀಕ ಹಂಗ ತುಂಬಿದ್ದ ವಾಪಸ್ ತರ್ತಿದ್ವಿ. ನಮ್ಮವ್ವ ಬೈತಾಳಂತ ಮನಿ ಹತ್ರ ಬಂದಕೂಡ್ಲೆ ಹೊರಗ ಚೆಲ್ತಿದ್ದೆ."

ಸಿಂಚನಾ ವರದಿಯನ್ನು ತೆರೆದು ಕಲ್ಲಿನ ಮೊದಲ ಪದರದ ದಿನಾಂಕವನ್ನು ಮತ್ತೊಮ್ಮೆ ನೋಡಿದಳು. ಅದು ಕೂಡಲು ಶುರುವಾಗಿದ್ದು 2026ರ ಜೂನ್ ತಿಂಗಳಲ್ಲಿ, ಶಾಲೆ ಆರಂಭವಾದ ಮೊದಲ ವಾರ.